ಕಿರು ಪಿಸ್ತೂಲಿನ ಯಂತ್ರದೋಷ ಮತ್ತು ಆರೈಕೆ: ಪೊಲೀಸ್ ಪರೀಕ್ಷಾರ್ಥಿಗಳಿಗೆ ಮುಖ್ಯಾಂಶಗಳು

ಕುಡಚಿ, ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಹುಡುಗ ಹುಡುಗಿಯರು ಕಾನ್‌ಸ್ಟೆಬಲ್, ಪಿಎಸ್‌ಐ, ಕೆಎಸ್‌ಆರ್‌ಪಿ ಹುದ್ದೆಗಳಿಗೆ ಓದುತ್ತಾರೆ. ಶಸ್ತ್ರಾಸ್ತ್ರ ಕಾಯ್ದೆಯ ಕಲಂಗಳು ಅವರಿಗೆ ಬಾಯಿಪಾಠ ಇರುತ್ತವೆ. ಆದರೆ ಪಿಸ್ತೂಲು ಕೈಜಾರಿ ಬಿದ್ದರೆ ಗುಂಡು ಏಕೆ ಹಾರುತ್ತದೆ, ಮ್ಯಾಗಜೀನ್ ತೆಗೆದ ಮೇಲೂ ಜೀವ ಏಕೆ ಹೋಗುತ್ತದೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ನಾಳೆ ಸೊಂಟಕ್ಕೆ ಕಟ್ಟಿಕೊಳ್ಳಬೇಕಾದ ವಸ್ತು ಅದು. ಹಾಗಾಗಿ ಈ ಟಿಪ್ಪಣಿಯಲ್ಲಿ ಕಾಯ್ದೆಗಿಂತ ಯಂತ್ರಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ದೋಷದ ಮೂರು ಮೂಲ

ಪಿಸ್ತೂಲು ಕೈಕೊಡಲು ಮೂರು ಕಾರಣ. ಮೊದಲನೆಯದು ವಿನ್ಯಾಸ ದೋಷ. ತಪ್ಪು ನಕ್ಷೆಯಲ್ಲೇ ಇರುವುದರಿಂದ ಆ ಮಾದರಿಯ ಪ್ರತಿ ಪಿಸ್ತೂಲಿನಲ್ಲೂ ಇರುತ್ತದೆ, ಎಷ್ಟು ಒರೆಸಿ ಎಣ್ಣೆ ಹಾಕಿದರೂ ಹೋಗುವುದಿಲ್ಲ. ಎರಡನೆಯದು ತಯಾರಿಕಾ ದೋಷ. ಇಲ್ಲಿ ನಕ್ಷೆ ಸರಿಯಿದ್ದು ಕಾರ್ಖಾನೆಯ ಕೆಲಸ ಕೆಟ್ಟಿರುತ್ತದೆ, ಹಾಗಾಗಿ ಒಂದು ಅವಧಿಯಲ್ಲಿ ತಯಾರಾದವುಗಳಲ್ಲಿ ಮಾತ್ರ ಕಾಣುತ್ತದೆ. ಮೂರನೆಯದು ಸವೆತ, ಕೊಳೆ, ತುಕ್ಕು. ಇದು ಪೂರ್ತಿ ಇಟ್ಟುಕೊಂಡವರ ಹೊಣೆ.

ಹೊರಗಿನಿಂದ ನೋಡಿದರೆ ಮೂರೂ ಒಂದೇ ತರಹ. ಕುದುರೆ (ಟ್ರಿಗರ್) ಎಳೆದರೂ ಗುಂಡು ಹಾರುವುದಿಲ್ಲ, ಅಥವಾ ಎಳೆಯದೆಯೂ ಹಾರುತ್ತದೆ. ಪರಿಹಾರ ಮಾತ್ರ ಬೇರೆ ಬೇರೆ. ಮೊದಲ ಎರಡಕ್ಕೆ ತಯಾರಕರೇ ಆಯುಧವನ್ನು ವಾಪಸು ಕರೆಸಿ ಭಾಗ ಬದಲಿಸಬೇಕು, ಮೂರನೆಯದನ್ನು ನಮ್ಮ ಕೈಯೇ ತಡೆಯಬೇಕು. ಈ ವ್ಯತ್ಯಾಸ ಗೊತ್ತಿಲ್ಲದವರು ವಿನ್ಯಾಸ ದೋಷದ ಪಿಸ್ತೂಲಿಗೆ ಎಣ್ಣೆ ಹಾಕಿ ಸಮಾಧಾನಪಡುತ್ತಾರೆ, ಇಲ್ಲವೇ ಕೊಳೆ ತುಂಬಿದ ಒಳ್ಳೆಯ ಪಿಸ್ತೂಲನ್ನು ಕಂಪನಿಯ ತಪ್ಪೆಂದು ಬಯ್ಯುತ್ತಾರೆ. ಎರಡೂ ಅಪಾಯವೇ.

ನೆನಪಿಡಬೇಕಾದ ಪ್ರಕರಣಗಳು

2008, ರುಗರ್ ಎಲ್‌ಸಿಪಿ. ಅಮೆರಿಕದ ರುಗರ್ ಕಂಪನಿ ಆ ವರ್ಷವೇ ಮಾರುಕಟ್ಟೆಗೆ ತಂದ, ಜೇಬಿನಲ್ಲಿ ಹಿಡಿಯುವ .380 ಪಿಸ್ತೂಲು. ತೂಕ ಸುಮಾರು 270 ಗ್ರಾಂ. ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂಬದಿಯ ಗೂಡಿನಲ್ಲಿ, ತೋಟಾ ಇದ್ದಾಗ ಗಟ್ಟಿ ನೆಲಕ್ಕೆ ಬಿದ್ದರೆ ತಾನಾಗಿ ಹಾರಬಹುದು ಎಂದು ಅದೇ ಅಕ್ಟೋಬರಿನಲ್ಲಿ ಕಂಪನಿಯೇ ಪ್ರಕಟಿಸಿತು. 370ರಿಂದ ಆರಂಭವಾಗುವ ಕ್ರಮಸಂಖ್ಯೆಯ ಪಿಸ್ತೂಲುಗಳನ್ನು ವಾಪಸು ತರಿಸಿ ಹ್ಯಾಮರ್ (ತೋಟಾಕ್ಕೆ ತಗಲುವ ಫೈರಿಂಗ್ ಪಿನ್ನಿಗೆ ಹೊಡೆಯುವ ಸುತ್ತಿಗೆ) ಭಾಗಗಳನ್ನು ಬದಲಿಸಿಕೊಟ್ಟಿತು.

2017, ಸಿಗ್ ಸಾಯರ್ ಪಿ320. ಈ ವರ್ಗದ ಪಿಸ್ತೂಲನ್ನು ಅಮೆರಿಕದ ಸೇನೆ ಆ ವರ್ಷ ಜನವರಿಯಲ್ಲಿ ಆಯ್ದುಕೊಂಡಿತ್ತು. ಸೇನೆಯಲ್ಲಿ ಪೂರ್ಣ ಗಾತ್ರದ್ದು ಎಂ17, ಕಿರುಗಾತ್ರದ್ದು ಎಂ18. ನಾಗರಿಕರಿಗೆ ಮಾರಿದ ಪಿ320 ಹಿಂಬದಿ ಕೆಳಗಾಗಿ ಒಂದು ನಿರ್ದಿಷ್ಟ ಓರೆಯಲ್ಲಿ ಬಿದ್ದರೆ ಗುಂಡು ಹಾರುವುದು ಪರೀಕ್ಷೆಗಳಲ್ಲಿ ಕಂಡುಬಂತು. ಆಗಸ್ಟಿನಲ್ಲಿ ಕಂಪನಿ ಸ್ವಯಂಪ್ರೇರಿತ ಸುಧಾರಣೆ ಘೋಷಿಸಿ ಹಗುರವಾದ ಟ್ರಿಗರ್, ಹೊಸ ಸ್ಟ್ರೈಕರ್ (ತೋಟಾಕ್ಕೆ ಪೆಟ್ಟು ಕೊಡುವ ಭಾಗ) ಮತ್ತು ಅದನ್ನು ತಡೆದು ಹಿಡಿಯುವ ಸಿಯರ್, ಜೊತೆಗೆ ಟ್ರಿಗರಿನ ಸಂಪರ್ಕ ಕಡಿಯುವ ಒಂದು ಯಾಂತ್ರಿಕ ಡಿಸ್ಕನೆಕ್ಟರ್ ಅಳವಡಿಸಿತು. ಈ ಪ್ರಕರಣಗಳಲ್ಲಿ ಇದೇ ಹೆಚ್ಚು ಕಲಿಸುವಂಥದ್ದು. ಇಲ್ಲಿ ಕೆಟ್ಟದ್ದು ಫೈರಿಂಗ್ ಪಿನ್ ಅಲ್ಲ, ಟ್ರಿಗರಿನ ತೂಕ. ರಾಯಬಾಗದ ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ನಿಂತ ಪ್ರಯಾಣಿಕ ಮುಂದಕ್ಕೆ ಮುಗ್ಗರಿಸುತ್ತಾನಲ್ಲ, ಹಾಗೆ ನೆಲಕ್ಕೆ ಬಡಿದು ಪಿಸ್ತೂಲು ನಿಂತರೂ ಟ್ರಿಗರ್ ತನ್ನ ಚಲನೆ ಮುಂದುವರಿಸಿ ತನ್ನನ್ನು ತಾನೇ ಎಳೆದುಕೊಂಡಿತು. ನ್ಯೂಟನ್ನನ ಮೊದಲ ನಿಯಮ, ಜಡತ್ವ. 1.2 ಮೀಟರ್ ಎತ್ತರದಿಂದ, ಅಂದರೆ ಎದೆಮಟ್ಟದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4.8 ಮೀಟರ್. ಭಾರದ ಟ್ರಿಗರ್ ಹಿಂದೆ ಸರಿಯಲು ಆ ವೇಗ ಸಾಕಾಯಿತು.

2020, ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ 9 ಶೀಲ್ಡ್ ಈಝಡ್. ಆ ವರ್ಷ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತಯಾರಾದವುಗಳ ಪೈಕಿ ಕೆಲವು ಹ್ಯಾಮರ್‌ಗಳು ನಿಗದಿತ ಗುಣಮಟ್ಟಕ್ಕೆ ತಕ್ಕಂತೆ ತಯಾರಾಗಿರಲಿಲ್ಲ. ಅಂಥ ಹ್ಯಾಮರ್ ಬಿರುಕು ಬಿಟ್ಟರೆ ಪೂರ್ತಿ ಹಿಂದಕ್ಕೆ ನಿಲ್ಲದೆ ಗುಂಡು ತಾನಾಗಿ ಹಾರುವ ಸಾಧ್ಯತೆ. ಇದು ಶುದ್ಧ ತಯಾರಿಕಾ ದೋಷ.

ಬ್ರೆಜಿಲಿನ ಟಾರಸ್ ಕಂಪನಿಯ ಕಿರು ಪಿಸ್ತೂಲುಗಳ ಮೇಲೂ ಇಂಥದೇ ದೂರು ಬಂದಿತ್ತು. 2013ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಒಬ್ಬ ಪೊಲೀಸ್ ಅಧಿಕಾರಿ ಆರೋಪಿಯ ಬೆನ್ನಟ್ಟಿ ಓಡುವಾಗ ಸೊಂಟದ ಪಿಸ್ತೂಲು ಕೆಳಗೆ ಬಿದ್ದು ಗುಂಡು ಹಾರಿತು. ಅವರು ಹೂಡಿದ ದಾವೆ 9 ಮಾದರಿಗಳನ್ನು ಒಳಗೊಂಡ ರಾಜಿಯಲ್ಲಿ ಮುಗಿಯಿತು. ಪಿಸ್ತೂಲು ಒಳ್ಳೆಯದೆಂದು ಕಂಪನಿಯ ಕಾಗದ ಹೇಳಿದಷ್ಟಕ್ಕೇ ಪೊಲೀಸರು ನಂಬಿ ಕೂರಬಾರದು ಎಂಬುದಕ್ಕೆ ಈ ಒಂದು ಪ್ರಕರಣ ಸಾಕು.

ಸಣ್ಣದಾದಷ್ಟೂ ಸೂಕ್ಷ್ಮ

ಪಿಸ್ತೂಲು ಒಂದು ಗುಂಡು ಹಾರಿಸಿ ಮುಂದಿನದಕ್ಕೆ ಸಿದ್ಧವಾಗುವ ಹಂತಗಳನ್ನು ಪರೀಕ್ಷೆಯಲ್ಲಿ ಕ್ರಮವಾಗಿ ಕೇಳುತ್ತಾರೆ: ತೋಟಾ ಮ್ಯಾಗಜೀನಿನಿಂದ ಮೇಲೇರುವುದು, ಚೇಂಬರಿಗೆ ಹೋಗುವುದು, ಬೀಗ ಬೀಳುವುದು, ಹಾರುವುದು, ಬೀಗ ಬಿಡುವುದು, ಖಾಲಿ ಕೋಶ ಹೊರಗೆಳೆಯುವುದು, ಎಸೆಯುವುದು, ಹ್ಯಾಮರ್ ಮತ್ತೆ ಹಿಂದಕ್ಕೆ ನಿಲ್ಲುವುದು. ದೊಡ್ಡ ಪಿಸ್ತೂಲಿನಲ್ಲಿ ಸ್ಲೈಡ್ (ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಉದ್ದ, ಭಾರ. ಇದಕ್ಕೆಲ್ಲ ಸಮಯ ಸಿಗುತ್ತದೆ. ಕಿರು ಪಿಸ್ತೂಲಿನಲ್ಲಿ ಸ್ಲೈಡ್ ಹಗುರ, ಅದು ಹಿಂದಕ್ಕೆ ಹೋಗುವ ದೂರವೂ ಕಡಿಮೆ, ಆದ್ದರಿಂದ ವೇಗ ಜಾಸ್ತಿ. ಆ ವೇಗ ತಡೆಯಲು ಬಿಗಿಯಾದ ಮರುಚಲನೆಯ ಸ್ಪ್ರಿಂಗ್ ಹಾಕಬೇಕಾಗುತ್ತದೆ, ಮತ್ತು ಅದು ಬೇಗ ಸುಸ್ತಾಗುತ್ತದೆ. ಮ್ಯಾಗಜೀನಿನ ಸ್ಪ್ರಿಂಗ್ ತೋಟಾವನ್ನು ಮೇಲೆ ತಳ್ಳಲು ಸಿಗುವ ಗಳಿಗೆಯೂ ಚಿಕ್ಕದು. ದೊಡ್ಡ ಪಿಸ್ತೂಲು ನುಂಗಿಕೊಳ್ಳುವ ಕೊಳೆ ಕಿರು ಪಿಸ್ತೂಲನ್ನು ನಿಲ್ಲಿಸಿಬಿಡುತ್ತದೆ.

ಇನ್ನೊಂದು ವ್ಯತ್ಯಾಸ. .32 ಪಿಸ್ತೂಲುಗಳು ಸಾಮಾನ್ಯವಾಗಿ ಬ್ಲೋಬ್ಯಾಕ್ ವಿಧದವು, ಅವುಗಳಲ್ಲಿ ಬೀಗವೇ ಇಲ್ಲ. ಗುಂಡು ಹಾರುವ ಗಳಿಗೆಯಲ್ಲಿ ನಳಿಗೆಯ ಹಿಂಬದಿಯನ್ನು ಮುಚ್ಚಿ ಹಿಡಿಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲ, ಅಷ್ಟೇ. 9 ಮಿ.ಮೀ. ಸೇವಾ ಪಿಸ್ತೂಲು ಶಾರ್ಟ್ ರಿಕಾಯಿಲ್ ವಿಧದ್ದು: ಒತ್ತಡ ಇಳಿಯುವವರೆಗೆ ನಳಿಗೆ ಮತ್ತು ಸ್ಲೈಡ್ ಒಟ್ಟಿಗೆ ಬೀಗ ಬಿದ್ದು ಚಲಿಸಿ ಆಮೇಲೆ ಬೇರೆಯಾಗುತ್ತವೆ. ಹಾಗಾಗಿ .32ರಲ್ಲಿ ಸೋತ ಸ್ಪ್ರಿಂಗನ್ನು ಕಡೆಗಣಿಸುವುದು ದೊಡ್ಡ ತಪ್ಪು.

ನಮ್ಮಲ್ಲಿರುವ ಆಯುಧಗಳು

ಪಿಸ್ತೂಲ್ ಆಟೋ 9 ಮಿ.ಮೀ. 1ಎ: ಪಶ್ಚಿಮ ಬಂಗಾಳದ ಇಚ್ಛಾಪುರ ರೈಫಲ್ ಕಾರ್ಖಾನೆ, 13 ತೋಟಾಗಳ ಮ್ಯಾಗಜೀನ್. ಮೂಲ 1935ರ ಬ್ರೌನಿಂಗ್ ಹೈ ಪವರ್. ಜಾನ್ ಬ್ರೌನಿಂಗ್ 1926ರಲ್ಲಿ ತೀರಿಕೊಂಡ ಮೇಲೆ ಅದನ್ನು ಪೂರ್ಣಗೊಳಿಸಿದವರು ಡ್ಯೂಡೊನೆ ಸೈವ್.

ಪರವಾನಗಿದಾರರಿಗೆ ಸಿಗುವುದು ಮುಖ್ಯವಾಗಿ .32, ಅಂದರೆ 7.65 ಮಿ.ಮೀ. ಈ ತೋಟಾ ಕೂಡ ಬ್ರೌನಿಂಗ್ ರೂಪಿಸಿದ್ದೇ, 1899ರಲ್ಲಿ. 9 ಮಿ.ಮೀ. ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರ್.

ನಿರ್ಭೀಕ್: ಜನವರಿ 2014, ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆ, ಟೈಟಾನಿಯಂ ಮಿಶ್ರಲೋಹ, ಸುಮಾರು 500 ಗ್ರಾಂ, .32. ಅದು ರಿವಾಲ್ವರ್, ಪಿಸ್ತೂಲಲ್ಲ. ತೋಟಾ ಕೈಕೊಟ್ಟರೆ ರಿವಾಲ್ವರಿನ ಕುದುರೆ ಮತ್ತೆ ಎಳೆದರಾಯಿತು, ಚಕ್ರ ತಿರುಗಿ ಮುಂದಿನ ತೋಟಾ ಬರುತ್ತದೆ. ಪಿಸ್ತೂಲಿನಲ್ಲಿ ಸ್ಲೈಡ್ ಎಳೆದು ಕೆಟ್ಟ ತೋಟಾ ಹೊರಹಾಕಲೇಬೇಕು.

ಆರ್ಡ್‌ನನ್ಸ್ ಫ್ಯಾಕ್ಟರಿ ಬೋರ್ಡ್ 1 ಅಕ್ಟೋಬರ್ 2021ರಿಂದ ಇಲ್ಲ. ಈ ಕಾರ್ಖಾನೆಗಳನ್ನು ನಡೆಸುತ್ತಿದ್ದ ಅದು 7 ಸರ್ಕಾರಿ ಕಂಪನಿಗಳಾಗಿ ಒಡೆದಿದೆ. ಸಣ್ಣ ಆಯುಧಗಳು ಕಾನ್ಪುರದಲ್ಲಿ ಕೇಂದ್ರ ಕಚೇರಿಯಿರುವ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಪಾಲಿಗೆ, ಮದ್ದುಗುಂಡು ಪುಣೆಯ ಮ್ಯುನಿಷನ್ಸ್ ಇಂಡಿಯಾ ಪಾಲಿಗೆ ಬಂದಿವೆ.

ಆರೈಕೆ: ಕ್ರಮ ತಪ್ಪಿದರೆ ಜೀವ

ಪಿಸ್ತೂಲು ಸ್ವಚ್ಛ ಮಾಡುವಾಗ ಗುಂಡು ಹಾರಿ ಸಾವು ಎಂಬ ಸುದ್ದಿಯ ಹಿಂದೆ ಬಹುತೇಕ ಒಂದೇ ತಪ್ಪು ಇರುತ್ತದೆ: ಕ್ರಮ ತಿರುವುಮುರುವಾಗುವುದು. ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆಯಬೇಕು. ಮೊದಲು ಸ್ಲೈಡ್ ಎಳೆದರೆ ಚೇಂಬರಿನ ತೋಟಾ ಹೊರಬೀಳುತ್ತದೆ, ಆದರೆ ಮ್ಯಾಗಜೀನಿನಿಂದ ಇನ್ನೊಂದು ಒಳಹೋಗುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದು ಖಾಲಿಯಾಯಿತೆಂದು ಭಾವಿಸಿ ಕುದುರೆ ಎಳೆಯುತ್ತಾರೆ. ಸ್ಲೈಡ್ ಹಿಂದೆ ಹಿಡಿದು ಚೇಂಬರನ್ನು ಕಣ್ಣಿನಿಂದ ನೋಡಿ, ಕತ್ತಲಿದ್ದರೆ ಕಿರುಬೆರಳಿನಿಂದ ಮುಟ್ಟಿ ನೋಡಿ. ಮ್ಯಾಗಜೀನ್ ಇಲ್ಲದಿದ್ದರೆ ಹಾರದಂತೆ ತಡೆಯುವ ಏರ್ಪಾಡು ಬ್ರೌನಿಂಗ್ ಹೈ ಪವರಿನಲ್ಲಿ ಇದೆ. ಆದರೆ ಅದು ಎಲ್ಲ ಪಿಸ್ತೂಲುಗಳಲ್ಲೂ ಇರುವುದಿಲ್ಲ. ಒಂದರಲ್ಲಿ ಅಭ್ಯಾಸವಾದ ಧೈರ್ಯವನ್ನು ಇನ್ನೊಂದಕ್ಕೆ ಒಯ್ಯಬೇಡಿ. ಬಿಚ್ಚುವ ಮೇಜಿನ ಮೇಲೆ ತೋಟಾ ಒಂದೂ ಇರಬಾರದು, ಅವು ಬೇರೆ ಕೋಣೆಯಲ್ಲಿರಲಿ.

ಪಿಸ್ತೂಲು ಬಿಚ್ಚಿದ ಮೇಲೆ ನಳಿಗೆಯನ್ನು ಚೇಂಬರಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಬೇಕು. ತಿರುವಾದರೆ ಕೊಳೆ ಒಳಕ್ಕೇ ಬಂದು ಬೀಳುತ್ತದೆ, ಸಲಾಕೆ ತಾಗಿ ನಳಿಗೆಯ ಬಾಯಿ ಸವೆದು ಗುರಿಯೂ ಕೆಡುತ್ತದೆ. ಪೊಲೀಸ್ ತರಬೇತಿಯಲ್ಲಿ ಇದಕ್ಕೆ ಬಳಸುವ ಬಟ್ಟೆಯ ತುಂಡನ್ನು ಚಿಂದಿ ಎನ್ನುತ್ತಾರೆ. ಒಣ ಚಿಂದಿ ಕಪ್ಪಾಗದೆ ಬಂದ ಮೇಲೆ ಎಣ್ಣೆಯ ಚಿಂದಿ ತೆಳುವಾಗಿ ಆಡಿಸಬೇಕು. ಗುಂಡು ಹಾರಿಸುವ ಮುನ್ನ ನಳಿಗೆಯನ್ನು ಮತ್ತೆ ಒಣಗಿಸಬೇಕು.

ಹೆಚ್ಚು ಜನ ತಪ್ಪು ಮಾಡುವುದು ಎಣ್ಣೆಯಲ್ಲಿ. ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದೆಂದು ಸುರಿಯುತ್ತಾರೆ. ಸ್ಲೈಡ್ ಜಾರುವ ಹಳಿಗೆ ಒಂದು ಹನಿ, ನಳಿಗೆಯ ಹೊರಮೈ ಉಜ್ಜುವಲ್ಲಿ ಒಂದು ಹನಿ, ಅಷ್ಟು ಸಾಕು. ಫೈರಿಂಗ್ ಪಿನ್ ಓಡಾಡುವ ಕೊಳವೆಗೆ ಮಾತ್ರ ಎಣ್ಣೆ ಹಾಕಬಾರದು. ಎಣ್ಣೆ ದೂಳು ಹಿಡಿದು ಮೇಣದಂತೆ ಗಟ್ಟಿಯಾಗಿ ಪಿನ್ನಿನ ವೇಗ ತಗ್ಗಿಸುತ್ತದೆ. ಆಗ ತೋಟಾದ ತಳದ ಪ್ರೈಮರಿಗೆ ಪೆಟ್ಟು ಮೆತ್ತಗೆ ಬಿದ್ದು ತೋಟಾ ಹಾರುವುದಿಲ್ಲ. ಇದರ ಇನ್ನೊಂದು ಮುಖ ಇನ್ನೂ ಕೆಟ್ಟದ್ದು. ಪಿನ್ ಮುಂದಕ್ಕೆ ಬಂದು ಅಲ್ಲೇ ಸಿಕ್ಕಿಕೊಂಡರೆ, ಸ್ಲೈಡ್ ಮುಚ್ಚಿದ ಕೂಡಲೇ ಅದರ ಮೊನೆ ಹೊಸ ತೋಟಾದ ಪ್ರೈಮರಿಗೆ ಬಡಿದು ಕುದುರೆ ಮುಟ್ಟುವ ಮೊದಲೇ ಗುಂಡು ಹಾರಬಹುದು. ಇದಕ್ಕೆ ಸ್ಲ್ಯಾಮ್ ಫೈರ್ ಎಂದು ಹೆಸರು. ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಸೋತಿದ್ದರೆ ಕೆಳಗೆ ಬಿದ್ದಾಗಿನ ಅಪಾಯವೂ ಹೆಚ್ಚುತ್ತದೆ, ಪಿನ್ನನ್ನು ಹಿಂದೆ ಹಿಡಿಯುವುದು ಅದೇ ಸ್ಪ್ರಿಂಗ್. ಒಳ್ಳೆಯ ವಿನ್ಯಾಸದ ಪಿಸ್ತೂಲು ಕೊಳೆಯಿಂದ ದೋಷದ ಪಿಸ್ತೂಲಿನಷ್ಟೇ ಅಪಾಯಕಾರಿ ಆಗುವುದು ಹೀಗೆ.

ಸಿಯರ್ ಎಂಬುದು ಹ್ಯಾಮರನ್ನು ಹಿಂದಕ್ಕೆ ತಡೆದು ಹಿಡಿಯುವ ಸಣ್ಣ ಕೊಕ್ಕೆ. ಅದರ ಅಂಚು ಸವೆದರೆ ಒಮ್ಮೆ ಎಳೆದಾಗ ಎರಡು ಮೂರು ಗುಂಡು ಒಟ್ಟಿಗೆ ಹಾರಬಹುದು. ಟ್ರಿಗರ್ ಹಗುರಾಗಲಿ ಎಂದು ಅರದಿಂದ ಸಿಯರ್ ಉಜ್ಜಿಸುವವರಿದ್ದಾರೆ. ಶಸ್ತ್ರಾಸ್ತ್ರ ಕಾಯ್ದೆಯ ಕಲಂ 2(1)(ಐ) ಕುದುರೆ ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹಾರುತ್ತಲೇ ಇರುವಂತೆ ರೂಪಿಸಿದ ಅಥವಾ ಮಾರ್ಪಡಿಸಿದ ಆಯುಧವನ್ನು ನಿಷಿದ್ಧ ಆಯುಧ ಎನ್ನುತ್ತದೆ. ಸಿಯರ್‌ಗೆ ಅರ ಹಾಕಿಸುವವರು ಯಾವ ಗೆರೆಯ ಹತ್ತಿರ ಆಡುತ್ತಿದ್ದಾರೆಂದು ಇದರಿಂದ ತಿಳಿಯಿರಿ.

ಸ್ಪ್ರಿಂಗ್ ಎಷ್ಟು ಗುಂಡಿಗೊಮ್ಮೆ ಬದಲಿಸಬೇಕೆಂಬುದು ಪಿಸ್ತೂಲಿನಿಂದ ಪಿಸ್ತೂಲಿಗೆ ಬೇರೆ, ತಯಾರಕರ ಕೈಪಿಡಿ ನೋಡಬೇಕು. ಅದಕ್ಕಾಗಿಯೇ ಹಾರಿಸಿದ ಗುಂಡುಗಳ ಲೆಕ್ಕ ಒಂದು ಪುಸ್ತಕದಲ್ಲಿರಬೇಕು.

ನಿಲುಗಡೆಗಳು, ಚುಟುಕಾಗಿ: ಕ್ಲಿಕ್ ಎಂದಿತು, ಹಾರಲಿಲ್ಲ — ಮಿಸ್‌ಫೈರ್. ತಡವಾಗಿ ಹಾರಿತು — ಹ್ಯಾಂಗ್‌ಫೈರ್. ಇವೆರಡರ ವ್ಯತ್ಯಾಸ ಆ ಗಳಿಗೆಯಲ್ಲಿ ತಿಳಿಯದ ಕಾರಣ ಅಭ್ಯಾಸದ ಮೈದಾನದಲ್ಲಿ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ಖಾಲಿ ಕೋಶ ಹೊರಬೀಳದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ನಿಂತರೆ ಅದನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಉಗುರಿನಲ್ಲಿ ಕೊಳೆ ಇದೆಯೇ ನೋಡಿ, ಆಮೇಲೆ ಮುಷ್ಟಿಯ ಹಿಡಿತ ಸಡಿಲವಿತ್ತೇ ನೋಡಿ. ಪಟ್ ಎಂಬ ಮೆತ್ತನೆಯ ಸದ್ದು ಬಂದರೆ ಅದು ಸ್ಕ್ವಿಬ್, ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಮೆತ್ತನೆಯ ಸದ್ದಾದ ಮೇಲೆ ಮತ್ತೊಂದು ಎಳೆತ ಬೇಡವೇ ಬೇಡ.

ಕೃಷ್ಣೆಯ ದಂಡೆಯಲ್ಲಿ

ಆಗಸ್ಟ್ 2019 ಮತ್ತು ಜುಲೈ 2021ರ ಪ್ರವಾಹ ಈ ಭಾಗ ಮರೆತಿಲ್ಲ. ಕುಡಚಿ-ಉಗಾರ ಸೇತುವೆ ಮುಳುಗಿ ದಾರಿ ಬಂದಾದಾಗ ಜನ, ದನ ಉಳಿಸುವುದೇ ಮೊದಲ ಕೆಲಸ, ಕಪಾಟಿನ ಪಿಸ್ತೂಲು ಯಾರಿಗೂ ನೆನಪಾಗದು. ಹೊಳೆ ನೀರು ಹೊಕ್ಕ ಆಯುಧದಲ್ಲಿ ನೀರಿಗಿಂತ ಹೆಚ್ಚು ಕೆಡುಕು ಮಾಡುವುದು ನುಣ್ಣನೆಯ ಎರೆಮಣ್ಣು. ಅದು ಫೈರಿಂಗ್ ಪಿನ್ನಿನ ಕೊಳವೆಯಲ್ಲಿ, ಸ್ಪ್ರಿಂಗಿನ ಸುರುಳಿಯಲ್ಲಿ, ಮ್ಯಾಗಜೀನಿನ ತಳದಲ್ಲಿ ಕೂತು ಒಣಗುತ್ತದೆ. ಹೊರಮೈ ಒರೆಸಿ ಬಿಸಿಲಿಗಿಟ್ಟರೆ ಸಾಲದು. ಹಾರಿಸಿ ನೋಡಬೇಡಿ, ಪರವಾನಗಿ ಇರುವ ಆರ್ಮರರ್ ಪೂರ್ತಿ ಬಿಚ್ಚಿ ನೋಡಲಿ. ನೆನೆದ ತೋಟಾಗಳನ್ನು ಒಣಗಿಸಿ ಬಳಸುವ ಯೋಚನೆಯೂ ಬೇಡ, ಅಂಥವುಗಳಿಂದ ಸ್ಕ್ವಿಬ್ ಆಗಬಹುದು. ಅವನ್ನು ಏನು ಮಾಡಬೇಕೆಂದು ಠಾಣೆಯಲ್ಲಿ ಅಥವಾ ಅಧಿಕೃತ ಮಾರಾಟಗಾರರಲ್ಲಿ ಕೇಳಿ.

ಚುನಾವಣೆ ಬಂದರೆ ಪರವಾನಗಿ ಆಯುಧಗಳನ್ನು ಠೇವಣಿ ಇಡಲು ಆದೇಶವಾಗುತ್ತದೆ. ಠಾಣೆಗೆ ಕೊಡುವ ಹಿಂದಿನ ದಿನ ಸ್ವಚ್ಛಗೊಳಿಸಿ ತೆಳು ಎಣ್ಣೆ ಸವರಿ ಕೊಡಿ. ಚರ್ಮದ ಚೀಲದಲ್ಲಿಟ್ಟು ಕೊಡಬೇಡಿ: ಚರ್ಮ ತೇವ ಹೀರುತ್ತದೆ, ಹದ ಮಾಡಿದ ರಾಸಾಯನಿಕವೂ ಸೇರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ವಾಪಸು ಬಂದ ದಿನ ಮತ್ತೆ ಬಿಚ್ಚಿ ನೋಡಿ.

ದುರಸ್ತಿಗೆ ಊರಿನ ಲೇಥ್ ಅಂಗಡಿ ಹತ್ತಿರ, ಕೆಲಸಗಾರನ ಕೈಯೂ ಚೊಕ್ಕ. ಆದರೂ ಹೋಗಬಾರದು, ಯಾಕೆಂದರೆ ಬಂದೂಕು ದುರಸ್ತಿಗೂ ಪರವಾನಗಿ ಬೇಕು. ಮೀರಜ, ಸಾಂಗಲಿ, ಕೊಲ್ಹಾಪುರ ನಮಗೆ ಬೆಳಗಾವಿಗಿಂತ ಹತ್ತಿರವೆನಿಸಿದರೂ ಅವು ಬೇರೆ ರಾಜ್ಯ. ಆಯುಧ ಹಿಡಿದು ಗಡಿ ದಾಟುವ ಮುನ್ನ ಪರವಾನಗಿಯಲ್ಲಿ ನಮೂದಾದ ವ್ಯಾಪ್ತಿ ಓದಿ.

ಕಾಯ್ದೆ

ಶಸ್ತ್ರಾಸ್ತ್ರ ಕಾಯ್ದೆ 1959, ಜಾರಿ 1 ಅಕ್ಟೋಬರ್ 1962. ಈಗಿನ ನಿಯಮಗಳು 2016ರವು.

ಕಲಂ 3: ಹೊಂದಲು ಪರವಾನಗಿ. ಕಲಂ 5: ತಯಾರಿಕೆ, ಮಾರಾಟ, ಮಾರ್ಪಾಡು, ದುರಸ್ತಿ, ಪರೀಕ್ಷೆಗೆ ಪರವಾನಗಿ. ದುರಸ್ತಿ ಎಂಬ ಪದ ಈ ಕಲಮಿನಲ್ಲಿದೆ ಎಂಬುದನ್ನು ಹಲವರು ಮರೆಯುತ್ತಾರೆ. ಕಲಂ 5ರ ಉಲ್ಲಂಘನೆಗೆ ಕಲಂ 25(1), ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ (2019ರ ತಿದ್ದುಪಡಿಗೆ ಮುಂಚೆ 3ರಿಂದ 7 ವರ್ಷ).

2019ರ ತಿದ್ದುಪಡಿ, ಜಾರಿ 14 ಡಿಸೆಂಬರ್ 2019: ಒಬ್ಬರಿಗೆ 3ರ ಬದಲು 2 ಬಂದೂಕು; ಪರವಾನಗಿ ಅವಧಿ 3ರಿಂದ 5 ವರ್ಷ; ಕಲಂ 25(9) ಹೊಸದು, ಅಜಾಗರೂಕವಾಗಿ ಅಥವಾ ಸಂಭ್ರಮಕ್ಕೆ ಗುಂಡು ಹಾರಿಸಿ ಪ್ರಾಣಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಭಾರತೀಯ ನ್ಯಾಯ ಸಂಹಿತೆ, 1 ಜುಲೈ 2024ರಿಂದ: ನಿರ್ಲಕ್ಷ್ಯದಿಂದ ಸಾವು ಕಲಂ 106(1), 5 ವರ್ಷದವರೆಗೆ (ಹಳೆಯ 304-ಎ, 2 ವರ್ಷ). ಪ್ರಾಣಕ್ಕೆ ಅಪಾಯ ತರುವ ದುಡುಕಿನ ಕೃತ್ಯ ಕಲಂ 125 (ಹಳೆಯ 336ರಿಂದ 338).

ಕೊಡಗಿನ ವಿನಾಯಿತಿ: ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕಲಂ 41ರಡಿ ಪರವಾನಗಿಯಿಂದ ವಿನಾಯಿತಿ. 2019ರಲ್ಲಿ 10 ವರ್ಷ ವಿಸ್ತರಣೆಯಾಗಿ 2029ರ ಅಕ್ಟೋಬರ್‌ವರೆಗೆ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು.

ಸವೆತವೇ ಸಾಕ್ಷಿಯಾಗುವುದು

ಫೈರಿಂಗ್ ಪಿನ್ನಿನ ಮೊನೆ, ಎಕ್ಸ್‌ಟ್ರಾಕ್ಟರಿನ ಉಗುರು, ನಳಿಗೆಯ ಗೀರುಗಳು ಪ್ರತಿ ಆಯುಧದಲ್ಲೂ ತಮ್ಮದೇ ರೀತಿಯಲ್ಲಿ ಸವೆಯುತ್ತವೆ ಮತ್ತು ಆ ಗುರುತನ್ನು ತೋಟಾದ ಕೋಶದ ಮೇಲೂ ಗುಂಡಿನ ಮೇಲೂ ಬಿಡುತ್ತವೆ. ಅಮೆರಿಕದಲ್ಲಿ 1920ರ ದಶಕದಲ್ಲಿ ಕಾಲ್ವಿನ್ ಗೊಡಾರ್ಡ್ ಮತ್ತು ಸಂಗಡಿಗರು ಹೋಲಿಕೆ ಸೂಕ್ಷ್ಮದರ್ಶಕವನ್ನು ಈ ಕೆಲಸಕ್ಕೆ ಬಳಕೆಗೆ ತಂದರು.

ಕನ್ನಡ ನಾಡು ಇದನ್ನು ನೋವಿನಿಂದ ಕಲಿಯಿತು. 30 ಆಗಸ್ಟ್ 2015ರಂದು ಧಾರವಾಡದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿ, 5 ಸೆಪ್ಟೆಂಬರ್ 2017ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದರು. ಎರಡೂ ಕಡೆ ಬಳಕೆಯಾದದ್ದು 7.65 ಮಿ.ಮೀ. ನಾಡ ಪಿಸ್ತೂಲು. ಎರಡೂ ಕಡೆಯ ಕೋಶ, ಗುಂಡುಗಳ ಗುರುತು ಒಂದೇ ಪಿಸ್ತೂಲಿನವು ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು, ವಿಶೇಷ ತನಿಖಾ ದಳದ ಆರೋಪಪಟ್ಟಿ ಅದನ್ನು ಆಧರಿಸಿತು. ತಜ್ಞರ ಅಭಿಪ್ರಾಯಕ್ಕೆ ಈಗಿನ ಕಲಂ ಭಾರತೀಯ ಸಾಕ್ಷ್ಯ ಅಧಿನಿಯಮದ 39 (ಹಳೆಯ 45). 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರ ಸ್ಥಳ ಭೇಟಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ರಲ್ಲಿದೆ. ನಮಗೆ ಹತ್ತಿರದ ಪ್ರಾದೇಶಿಕ ಪ್ರಯೋಗಾಲಯ ಬೆಳಗಾವಿಯಲ್ಲಿದೆ.

ಇಲಾಖೆಯ ಪಿಸ್ತೂಲಿನ ಫೈರಿಂಗ್ ಪಿನ್, ಎಕ್ಸ್‌ಟ್ರಾಕ್ಟರ್ ಅಥವಾ ನಳಿಗೆ ಬದಲಾದರೆ ಅದು ಬಿಡುವ ಗುರುತೂ ಬದಲಾಗುತ್ತದೆ. ಆದ್ದರಿಂದ ಯಾವ ಭಾಗ, ಯಾವ ದಿನ, ಯಾರ ಕೈಯಿಂದ ಬದಲಾಯಿತು ಎಂಬುದು ಶಸ್ತ್ರಾಗಾರದ ವಹಿಯಲ್ಲಿ ಕ್ರಮಸಂಖ್ಯೆಯೊಂದಿಗೆ ಇರಬೇಕು, ತೆಗೆದ ಹಳೆಯ ಭಾಗವನ್ನೂ ಗುರುತು ಹಾಕಿ ಇಡಬೇಕು. ಗುಂಡು ಹಾರಿದ ಘಟನೆಯಲ್ಲಿ ವಿಚಾರಣೆ ಎದುರಿಸುವ ಪಿಎಸ್‌ಐಗೆ ತನ್ನ ಪಿಸ್ತೂಲು ಆ ದಿನ ಸುಸ್ಥಿತಿಯಲ್ಲಿತ್ತೇ, ಬಿದ್ದಾಗ ಹಾರುವ ದೋಷ ಅದರಲ್ಲಿತ್ತೇ ಎಂದು ತೋರಿಸಲು ಮೊದಲು ಕೈಗೆ ಬರುವ ದಾಖಲೆ ಆ ವಹಿಯೇ.